ಹೊಳಪು ನೋಡಿ ಕೂದಲು ಕೊಳ್ಳಬೇಡಿ: ಪಾರ್ಲರ್‌ಗೆ ಸಗಟು ಎಕ್ಸ್‌ಟೆನ್ಷನ್ ಖರೀದಿ ಹೇಗೆ?

ಸಗಟು ಅಂಗಡಿಯಲ್ಲಿ ಕವರ್ ಬಿಚ್ಚಿದಾಗ ಎಕ್ಸ್‌ಟೆನ್ಷನ್‌ನ, ಅಂದರೆ ತಲೆಗೂದಲಿಗೆ ಜೋಡಿಸುವ, ಎಲ್ಲ ಕೂದಲೂ ರೇಷ್ಮೆಯಂತೆಯೇ ಕಾಣುತ್ತದೆ. ಬಣ್ಣ ಬಯಲಾಗುವುದು ಮೂರನೆಯದೋ ನಾಲ್ಕನೆಯದೋ ತಲೆಸ್ನಾನದ ಹೊತ್ತಿಗೆ. ಅಷ್ಟರಲ್ಲಿ ಅದು ಗ್ರಾಹಕಿಯ ತಲೆ ಸೇರಿರುತ್ತದೆ. ಆ ನಾಲ್ಕು ಸ್ನಾನ ನಿಮ್ಮ ಪಾರ್ಲರ್ ಸಿಂಕಿನಲ್ಲೇ, ದೊಡ್ಡ ಆರ್ಡರ್ ಕೊಡುವ ಮೊದಲೇ ಆಗಿಬಿಡಲಿ.

ಮೊದಲು ಮೂಲ ಕೇಳಿ

ನಮ್ಮ ಮಾರುಕಟ್ಟೆಗೆ ಕೂದಲು ಮುಖ್ಯವಾಗಿ ಎರಡು ದಾರಿಯಿಂದ ಬರುತ್ತದೆ. ಒಂದು, ತಿರುಮಲದ ಕಲ್ಯಾಣಕಟ್ಟೆಯಂಥ ಕಡೆ ಭಕ್ತರು ಕೊಟ್ಟ ಮುಡಿ. ದೇವಸ್ಥಾನ ಅದನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಇ-ಹರಾಜಿನಲ್ಲಿ ಮಾರುತ್ತದೆ. ಬುಡ ಒಂದೇ ಕಡೆ ಇರುವಂತೆ ಕಾಪಾಡಿದ ಕೂದಲಿಗೆ ವ್ಯಾಪಾರದಲ್ಲಿ ‘ರೆಮಿ’ ಎನ್ನುತ್ತಾರೆ. ಇನ್ನೊಂದು, ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲಿನ ಉಂಡೆ. ಓಣಿಗೆ ಬರುವ ವ್ಯಾಪಾರಿಗಳು ಪಾತ್ರೆಯನ್ನೋ ಪಿನ್ನನ್ನೋ ಕೊಟ್ಟು ಒಯ್ಯುವುದು ಇದನ್ನೇ. ಕೊಪ್ಪಳದ ಭಾಗ್ಯನಗರದಲ್ಲಿ ಇಂಥ ಉಂಡೆಗಳ ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟುವ ಕೆಲಸವನ್ನೇ ನಂಬಿದ ಎಷ್ಟೋ ಮನೆಗಳಿವೆ.

ಕೂದಲಿನ ಹೊರಪದರ, ಅಂದರೆ ಕ್ಯೂಟಿಕಲ್, ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತದೆ. ಹೆಂಚಿನ ಬಾಯಿ ಇರುವುದು ತುದಿಯ ಕಡೆಗೆ. ಉಂಡೆ ಕೂದಲಲ್ಲಿ ಬುಡ–ತುದಿ ಹಿಂದುಮುಂದಾಗಿರುವುದರಿಂದ ಒಂದರ ಹೆಂಚು ಇನ್ನೊಂದಕ್ಕೆ ಸಿಕ್ಕಿಕೊಂಡು ಗಂಟಾಗುತ್ತದೆ. ಅದಕ್ಕೇ ಕೆಲವು ಕಾರ್ಖಾನೆಗಳು ಆಮ್ಲದಲ್ಲಿ ಅದ್ದಿ ಕ್ಯೂಟಿಕಲ್ ತೆಗೆದು, ಮೇಲೆ ಸಿಲಿಕೋನ್ ಸವರುತ್ತವೆ. ಅಂಗಡಿಯಲ್ಲಿ ಕಾಣುವ ಹೊಳಪು ಹೆಚ್ಚಾಗಿ ಇದರದ್ದೇ. ಶಾಂಪೂ ಅದನ್ನು ತೊಳೆದ ಮೇಲೆ ಕೂದಲು ಒಣಹುಲ್ಲಾಗುತ್ತದೆ.

ಹಾಗೆಂದು ಅಗ್ಗದ ಕೂದಲನ್ನು ದೂರ ಇಡಬೇಕಿಲ್ಲ. ಮದುವೆಯ ಜಡೆಗೆ ಸೇರಿಸುವ ಚೌರಿಗೆ ನಾನ್-ರೆಮಿ ಧಾರಾಳ ಸಾಕು; ಅದನ್ನು ಪದೇ ಪದೇ ತೊಳೆಯುವುದಿಲ್ಲ. ತಿಂಗಳುಗಟ್ಟಲೆ ತಲೆಯಲ್ಲಿರುವ ಟೇಪ್ (ಅಂಟುಪಟ್ಟಿಯಿಂದ ಅಂಟಿಸುವುದು), ಕೆರಾಟಿನ್ (ಬುಡದಲ್ಲಿ ಬಿಸಿಯಿಂದ ಬೆಸೆಯುವ ಎಳೆ), ವೆಫ್ಟ್ (ಪಟ್ಟಿಯಾಗಿ ಹೊಲಿದ ಕೂದಲು) ಇವುಗಳಿಗೆ ಮಾತ್ರ ರೆಮಿಯೇ ಬೇಕು.

100 ಗ್ರಾಂ ಮಾದರಿ, ನಾಲ್ಕು ಪರೀಕ್ಷೆ

ಉಚಿತ ಮಾದರಿಯನ್ನು ನಂಬಬೇಡಿ, ಅದು ಆರಿಸಿ ತೆಗೆದದ್ದಾಗಿರಬಹುದು. ದುಡ್ಡು ಕೊಟ್ಟು 100 ಗ್ರಾಂ ಕಟ್ಟು ತನ್ನಿ. ಅರ್ಧವನ್ನು ನೀವೂ ಮಾರುವವರೂ ಸಹಿ ಹಾಕಿದ ಕವರಿನಲ್ಲಿ ಮುಚ್ಚಿಡಿ, ಉಳಿದರ್ಧವನ್ನು ಪರೀಕ್ಷಿಸಿ.

ಮೊದಲನೆಯದು ಎಳೆ ಪರೀಕ್ಷೆ. ಕಟ್ಟಿನ ಬೇರೆ ಬೇರೆ ಕಡೆಯಿಂದ ಹತ್ತು ಎಳೆ ಕಿತ್ತು, ಹೊಲಿಗೆಯ ಕಡೆಯ ತುದಿಗೆ ಸ್ಕೆಚ್ ಪೆನ್ನಿನಿಂದ ಗುರುತು ಮಾಡಿ. ಒಂದೊಂದನ್ನೇ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಎಳೆಯ ಉದ್ದಕ್ಕೇ ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಎಳೆ ತಾನಾಗಿ ಬುಡದ ದಿಕ್ಕಿಗೆ ಸರಿಯುತ್ತದೆ. ಹತ್ತೂ ಗುರುತಿನ ಕಡೆಗೇ ಹೋದರೆ ರೆಮಿ. ಮೂರು ನಾಲ್ಕು ಉಲ್ಟಾ ಹೋದರೆ ಕಲಬೆರಕೆ. ಯಾವುದೂ ಅಲ್ಲಾಡದೆ ನುಣ್ಣಗೆ ಜಾರುತ್ತಿದ್ದರೆ ಕ್ಯೂಟಿಕಲ್ಲೇ ಇಲ್ಲವೆಂದು ಅನುಮಾನಿಸಿ.

ಎರಡನೆಯದು ಬೆಂಕಿ. ಚಿಮಟದಲ್ಲಿ ಹಿಡಿದು ಸುಟ್ಟರೆ ಮನುಷ್ಯರ ಕೂದಲು ಗರಿ ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದೇ ಎಳೆ ಸುಟ್ಟು ಸುಮ್ಮನಾಗಬೇಡಿ, ಕಟ್ಟಿನ ಒಳಭಾಗದಿಂದಲೂ ತೆಗೆಯಿರಿ.

ಮೂರನೆಯದು ತೊಳೆಯುವುದು. ಕಂಡಿಷನರ್ ಹಾಕದೆ ನಾಲ್ಕು ಸಲ ಶಾಂಪೂ ಮಾಡಿ, ಪ್ರತಿ ಸಲ ಗಾಳಿಗೆ ಒಣಗಿಸಿ ಬಾಚಿ. ಬೇರೆ ಕಡೆಯ ನೀರಲ್ಲ, ಪಾರ್ಲರ್‌ನಲ್ಲಿ ದಿನವೂ ಬಳಸುವ ನೀರೇ ಆಗಲಿ. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕೂದಲಿನ ಮೇಲೆ ಕೂತು ಒರಟಾಗಿಸುತ್ತದೆ. ಎಕ್ಸ್‌ಟೆನ್ಷನ್‌ಗೆ ನೆತ್ತಿಯ ಜಿಡ್ಡೂ ಸಿಗುವುದಿಲ್ಲ. ಒದ್ದೆ ಇರುವಾಗ ಬಿಳಿ ಟಿಶ್ಯೂನಲ್ಲಿ ಒತ್ತಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಗುಂಗುರು ಕೂದಲಾದರೆ ಸುರುಳಿ ಎಷ್ಟು ಸಡಿಲವಾಯಿತು ಎಂದೂ ನೋಡಿ.

ಕೊನೆಗೆ ಬ್ಲೀಚ್. ಒಂದು ಸಣ್ಣ ಎಳೆಗುಚ್ಛಕ್ಕೆ 20 ವಾಲ್ಯೂಮ್ ಡೆವಲಪರ್ (ಬ್ಲೀಚ್‌ಗೆ ಕಲಸುವ ಪೆರಾಕ್ಸೈಡ್) ಸೇರಿಸಿದ ಬ್ಲೀಚ್ ಹಚ್ಚಿ. ‘ವರ್ಜಿನ್’, ಅಂದರೆ ಬಣ್ಣ, ರಾಸಾಯನಿಕ ಕಾಣದ ಕೂದಲು, ಎಂದು ಮಾರಿದ್ದು ತೇಪೆ ತೇಪೆಯಾಗಿ ತಿಳಿಯಾದರೆ, ಮೊದಲೇ ಕಪ್ಪು ಡೈ ಕಂಡ ಕೂದಲು ಅದು.

ಗ್ರಾಂ, ಇಂಚು, ದಪ್ಪ

ರೇಟು ಕೇಳುವಾಗ ‘ಸಿಂಗಲ್ ಡ್ರಾನ್ ಅಥವಾ ಡಬಲ್ ಡ್ರಾನ್’ ಎಂದು ಮೊದಲು ಇತ್ಯರ್ಥ ಮಾಡಿಕೊಳ್ಳಿ. 20 ಇಂಚಿನ ಸಿಂಗಲ್ ಡ್ರಾನ್ ಕಟ್ಟಿನಲ್ಲಿ 12, 14 ಇಂಚಿನ ಎಳೆಗಳೂ ಬೇಕಾದಷ್ಟು ಇರುತ್ತವೆ. ಕೆಳಗೆ ಹೋಗುತ್ತ ತೆಳ್ಳಗೆ ಇಲಿಬಾಲವಾಗುತ್ತದೆ. ಗಿಡ್ಡ ಎಳೆಗಳನ್ನು ಕೈಯಿಂದ ಹೆಕ್ಕಿ ತೆಗೆದದ್ದು ಡಬಲ್ ಡ್ರಾನ್. ಬೆಲೆ ಜಾಸ್ತಿ, ಆದರೆ ತುದಿ ತುಂಬಿಕೊಂಡಿರುತ್ತದೆ. ಅಗ್ಗದ್ದೆಂದು ಸಿಂಗಲ್ ತಂದು, ತುದಿ ತುಂಬಿಸಲು ಒಂದೂವರೆ ಪಟ್ಟು ಹಾಕಬೇಕಾಗಿ ಬಂದರೆ ಉಳಿತಾಯ ಅಲ್ಲಿಗೇ ಹೋಯಿತು. ಲೆಕ್ಕವನ್ನು ಕಿಲೋಗಲ್ಲ, ತಲೆಗೆ ಹಾಕಿ: ಕಿಲೋಗೆ 40,000 ರೂಪಾಯಿ ಎಂದಿಟ್ಟುಕೊಂಡರೆ, 150 ಗ್ರಾಂ ಬೇಡುವ ಒಂದು ತಲೆಗೆ 6,000.

ಪೂರ್ತಿ ತಲೆಗೆ ಸಾಮಾನ್ಯವಾಗಿ 100ರಿಂದ 200 ಗ್ರಾಂ ಬೇಕು. 2.5 ಗ್ರಾಂ ತೂಕದ ಟೇಪ್ ತುಂಡು 40 ಸೇರಿದರೆ 100 ಗ್ರಾಂ. ಕೆರಾಟಿನ್ ಎಳೆಗಳು ಅರ್ಧ ಅಥವಾ ಒಂದು ಗ್ರಾಂನವು. ಗುಂಗುರು ಕೂದಲಿನ ಇಂಚನ್ನು ನೇರ ಎಳೆದು ಅಳೆಯುವುದು ವಾಡಿಕೆ. 20 ಇಂಚೆಂದು ಕೊಂಡದ್ದು ಹೆಗಲಿನ ಮೇಲೆ 16 ಇಂಚಾಗಿಯೇ ನಿಲ್ಲಬಹುದು.

ಬಣ್ಣದ ವಿಷಯದಲ್ಲಿ ಆಸೆ ಬೇಡ. ಮೊದಲ ಒಂದು ಕಿಲೋವನ್ನು 16, 18, 20 ಇಂಚಿನಲ್ಲಿ ಹಂಚಿ, ಹೆಚ್ಚಿನದು 1ಬಿ ಸಹಜ ಕಪ್ಪು, ಸ್ವಲ್ಪ 2ನೇ ನಂಬರಿನ ಗಾಢ ಕಂದು ಇಟ್ಟುಕೊಂಡರೆ ಹೊಸ ಪಾರ್ಲರ್‌ನ ಬಹುತೇಕ ಬೇಡಿಕೆ ತೀರುತ್ತದೆ.

ಮಾಲು ಬಂದ ದಿನ

ಕೂದಲು ನೀರು ಹೀರುತ್ತದೆ, ಮಳೆಗಾಲದಲ್ಲಂತೂ ತೇವವನ್ನೂ ತೂಕಕ್ಕೆ ಹಾಕಿ ಕೊಂಡಂತಾಗುತ್ತದೆ. ಬಂದ ಕೂಡಲೇ ಒಮ್ಮೆ ತೂಗಿ, ಒಂದು ರಾತ್ರಿ ಒಣ ಕೋಣೆಯಲ್ಲಿ ಬಿಚ್ಚಿ ತೂಗುಹಾಕಿ ಮತ್ತೆ ತೂಗಿ. ಈ ಎರಡನೇ ತೂಕಕ್ಕೇ ದುಡ್ಡು ಎಂದು ಮೊದಲೇ ಒಪ್ಪಿಸಿಕೊಂಡಿರಬೇಕು. ಹೊಲಿಗೆಯ ಬುಡ ಹಿಡಿದು ಹತ್ತು ಸಲ ಬಾಚಿ: ಎರಡು ಮೂರು ಎಳೆ ಬಂದರೆ ಸರಿ, ಹಿಡಿ ತುಂಬ ಬಂದರೆ ಹೊಲಿಗೆ ಸಡಿಲ. ಬೆಳಕಿನಲ್ಲಿ ಸೀರು ಇದೆಯೇ ನೋಡಿ.

ಮುಂಗಡ 30 ಪ್ರತಿಶತಕ್ಕಿಂತ ಮೇಲೆ ಹೋಗಬೇಡಿ. ಬಾಕಿ ಹಣ, ಸಹಿ ಹಾಕಿಟ್ಟ ಮಾದರಿಗೆ ಮಾಲು ಹೋಲಿದ ಮೇಲೆ. ಬಿಲ್ಲಿನಲ್ಲಿ ‘ಕೂದಲು’ ಎಂದಷ್ಟೇ ಬರೆದರೆ ತಕರಾರಿಗೆ ಆಧಾರವೇ ಇರುವುದಿಲ್ಲ. ರೆಮಿ, ಡಬಲ್ ಡ್ರಾನ್, ಇಂಚು, ಗ್ರಾಂ, ಬಣ್ಣದ ನಂಬರು ಎಲ್ಲ ಇರಲಿ. ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿ ಬಿಲ್ಲಿನಲ್ಲಿ ಸರಕಿನ ಬಗೆ ಗುರುತಿಸುವ ಸಂಖ್ಯೆ) ಸಂಸ್ಕರಿಸಿದ ಕೂದಲಿಗೆ 6703, ವಿಗ್ ಮತ್ತು ಸಿದ್ಧ ಎಕ್ಸ್‌ಟೆನ್ಷನ್‌ಗೆ 6704.

ಯಾವ ಬಗೆಯನ್ನು ಎಷ್ಟು ತರಿಸಬೇಕೆಂದು ನಿರ್ಧರಿಸುವ ಮುನ್ನ ನಿಮ್ಮ ಗ್ರಾಹಕಿಯರು ತಲೆಗೆ ಎಣ್ಣೆ ಹಚ್ಚುತ್ತಾರೆಯೇ ಎಂದು ಕೇಳಿ. ಕೊಬ್ಬರಿ ಎಣ್ಣೆ ಬುಡಕ್ಕೆ ಇಳಿದರೆ ಟೇಪಿನ ಅಂಟು ಬಿಡುತ್ತದೆ, ಕೆರಾಟಿನ್ ಬೆಸುಗೆಯೂ ಜಾರುತ್ತದೆ. ವಾರಕ್ಕೊಮ್ಮೆ ಎಣ್ಣೆ ಹಚ್ಚುವುದನ್ನು ಬಿಡಲಾಗದವರಿಗೆ ಹೊಲಿಯುವ ವೆಫ್ಟ್ ಅಥವಾ ಕ್ಲಿಪ್ ಸೆಟ್ಟೇ ತರಿಸಿಡಿ.