ಅಮೆರಿಕದ ಹೋಟೆಲಿನಲ್ಲಿ ಟಿಪ್ಸ್: ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೊಸದಾಗಿ ಬಂದವರಿಗೆ

ನಮ್ಮ ಕಡೆ ಖಾನಾವಳಿಯಲ್ಲಿ ಊಟ ಮುಗಿಸಿ, ಗಲ್ಲಾದಲ್ಲಿ ರೊಕ್ಕ ಕೊಟ್ಟು, ಬಡೇಸೋಪಿನ ತಟ್ಟೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಬಿಟ್ಟರೆ ಅದು ಖುಷಿಯಿಂದ ಕೊಟ್ಟದ್ದು. ಅಮೆರಿಕದಲ್ಲಿ ಹಾಗಲ್ಲ. ಟೇಬಲ್ಲಿಗೆ ತಂದು ಬಡಿಸುವವರ ಪಗಾರದ ದೊಡ್ಡ ಪಾಲು ಟಿಪ್ಸಿನಿಂದಲೇ ಬರುತ್ತದೆ.

ಅಲ್ಲಿನ ಕೇಂದ್ರ ಕಾನೂನಿನ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್, 2009ರಿಂದ ಜಾರಿಯಲ್ಲಿರುವುದು. ಟಿಪ್ಸ್ ಸಿಗುವ ಕೆಲಸವಾದರೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಇದು 1991ರ ದರ. ಉಳಿದ 5.12 ಡಾಲರ್ ಗಿರಾಕಿಗಳಿಂದ ತುಂಬಬೇಕು. ತುಂಬದಿದ್ದರೆ ಮಾಲೀಕ ಕೊಡಬೇಕೆಂದು ಕಾನೂನಿದೆ, ಆದರೆ ಲೆಕ್ಕ ಹಿಡಿಯುವುದು ವಾರದ ಸರಾಸರಿಯ ಮೇಲೆ. ಶನಿವಾರದ ಒಳ್ಳೆಯ ಗಳಿಕೆ ಮಂಗಳವಾರದ ಖಾಲಿ ಕೈಯನ್ನು ಮುಚ್ಚಿಬಿಡುತ್ತದೆ, ಮಾಲೀಕನ ಜೇಬಿಗೆ ಕೈ ಹೋಗುವುದೇ ಇಲ್ಲ. ಟೆಕ್ಸಾಸಿನಲ್ಲಿ ನಡೆಯುವುದು ಇದೇ 2.13ರ ಲೆಕ್ಕ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್, ನೆವಾಡಾ, ಮಿನ್ನೆಸೋಟಾ, ಮೊಂಟಾನಾ, ಅಲಾಸ್ಕಾ ರಾಜ್ಯಗಳಲ್ಲಿ ಮಾಲೀಕನೇ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು; ಆದರೂ ಅಲ್ಲಿ ಟಿಪ್ಸಿನ ರೂಢಿ ಬಿಟ್ಟಿಲ್ಲ.

ಇನ್ನೊಂದು ಮಾತು ಹೊಸಬರಿಗೆ ತಿಳಿದಿರುವುದಿಲ್ಲ. ಎಷ್ಟೋ ಕಡೆ ಬಡಿಸುವವರು ತಮ್ಮ ಮಾರಾಟದ ಇಂತಿಷ್ಟು ಪಾಲನ್ನು ಟೇಬಲ್ ಒರೆಸುವವರಿಗೆ, ಬಾರಿನವರಿಗೆ ಕೊಡಬೇಕು. ನೀವು ಏನೂ ಕೊಡದೆ ಎದ್ದರೆ ನಿಮ್ಮ ಬಿಲ್ಲಿನ ಮೇಲಿನ ಆ ಪಾಲು ಬಡಿಸಿದವರ ಗಳಿಕೆಯಿಂದಲೇ ಹೋಗುತ್ತದೆ. ಅಮೆರಿಕದಲ್ಲಿರುವ ಭಾರತೀಯ ಹೋಟೆಲಿನಲ್ಲೂ ಕಾನೂನು ಇದೇ. ನಮ್ಮವರೇ ಎಂದು ಕಡಿಮೆ ಕೊಡಬೇಡಿ.

ಟೇಬಲ್ ಸರ್ವಿಸ್ ಇದ್ದಲ್ಲಿ 18ರಿಂದ 20 ಶೇಕಡಾ ಇಟ್ಟುಕೊಳ್ಳಿ, ತೆರಿಗೆ ಸೇರುವ ಮುಂಚಿನ ಮೊತ್ತದ ಮೇಲೆ. ಊಟ 40 ಡಾಲರ್ ಎಂದುಕೊಳ್ಳಿ. ಹತ್ತನೇ ಒಂದು ಪಾಲು 4, ಅದರ ಎರಡರಷ್ಟು 8, ಅದೇ 20 ಶೇಕಡಾ ಟಿಪ್ಸ್. ಡಲ್ಲಾಸಿನಲ್ಲಿ 8.25 ಶೇಕಡಾ ತೆರಿಗೆ 3.30 ಸೇರಿ ಒಟ್ಟು 51.30. ಆರ್ಡರ್ ಮಾಡುವ ಮುಂಚೆಯೇ ಈ ಲೆಕ್ಕ ಹಾಕಿ. ಕೈ ಬಿಗಿಯಿದ್ದರೆ ಕೌಂಟರಿನಲ್ಲಿ ಕೊಂಡು ತಿನ್ನುವ ಜಾಗಕ್ಕೆ ಹೋಗಿ, ಅಲ್ಲಿ ಟಿಪ್ಸ್ ನಿಮ್ಮಿಷ್ಟ. ಬಫೆಗೆ 10 ಶೇಕಡಾ ಸಾಕು. ಕೂಪನ್ ಕೊಟ್ಟಿದ್ದರೆ ರಿಯಾಯಿತಿಗೆ ಮುಂಚಿನ ಬೆಲೆಯ ಮೇಲೆ ಹಾಕಿ, ಬಡಿಸಿದ ಕೆಲಸವೇನೂ ಕಡಿಮೆಯಾಗಿಲ್ಲ.

ಆರು-ಎಂಟು ಮಂದಿ ಕೂಡಿ ಹೋದಾಗ ಬಿಲ್ಲನ್ನು ಸಾಲುಸಾಲಾಗಿ ಓದಿ. ಎಷ್ಟೋ ಕಡೆ ‘ಗ್ರಾಚ್ಯುಟಿ’ (ಅಲ್ಲಿ ಟಿಪ್ಸಿಗೇ ಇನ್ನೊಂದು ಹೆಸರು) ಎಂದು 18 ಅಥವಾ 20 ಶೇಕಡಾ ಮೊದಲೇ ಸೇರಿಸಿರುತ್ತಾರೆ. ಕೆಳಗೆ ಮತ್ತೆ ಟಿಪ್ಸಿನ ಖಾಲಿ ಗೆರೆಯೂ ಇರುತ್ತದೆ. ಅಲ್ಲಿ ತುಂಬಿದರೆ ಎರಡು ಸಲ ಕೊಟ್ಟಂತಾಯಿತು. ಬಿಲ್ ಬೇರೆ ಬೇರೆ ಬೇಕಿದ್ದರೆ ಆರ್ಡರ್ ಕೊಡುವಾಗಲೇ ಹೇಳಿ.

ಊಟ ತಡವಾದರೆ ತಪ್ಪು ಹೆಚ್ಚಾಗಿ ಅಡುಗೆಮನೆಯದು. ಮ್ಯಾನೇಜರಿಗೆ ಹೇಳಿ, ಬಡಿಸಿದವರ ಟಿಪ್ಸ್ ಕಡಿಯಬೇಡಿ.

ಕಾರ್ಡ್ ಕೊಟ್ಟ ಮೇಲೆ ಎರಡು ಚೀಟಿ ಬರುತ್ತವೆ. ಹೋಟೆಲಿನ ಪ್ರತಿಯಲ್ಲಿ ಟಿಪ್ಸ್ ಬರೆದು, ಒಟ್ಟು ಕೂಡಿಸಿ, ಸಹಿ ಹಾಕಿ ಟೇಬಲ್ ಮೇಲೆ ಬಿಡಿ. ನಿಮ್ಮ ಪ್ರತಿಯ ಮೇಲೂ ಅದೇ ಅಂಕಿ ಬರೆದುಕೊಂಡು ಒಯ್ಯಿರಿ. ಮೇಲಿನ 40 ಡಾಲರಿನ ಊಟವಾದರೆ ಬ್ಯಾಂಕಿನಲ್ಲಿ ಮೊದಲು ಟಿಪ್ಸಿಲ್ಲದ 43.30 ಕಾಣಿಸಿ, ಕೆಲವು ದಿನ ಬಿಟ್ಟು 51.30 ಆಗುತ್ತದೆ. ಅದು ಮೋಸವಲ್ಲ. ಅಂಕಿ ಬೇರೆ ಬಂದಿದ್ದರೆ ಚೀಟಿ ಹಿಡಿದು ಮೊದಲು ಹೋಟೆಲಿಗೇ ಫೋನ್ ಮಾಡಿ, ಸರಿಪಡಿಸದಿದ್ದರೆ ಬ್ಯಾಂಕಿಗೆ ತಿಳಿಸಿ.