ಒಣಗ್ತಿರೋ ಬಳ್ಳಿ ಗುಲಾಬಿನ ಕಿತ್ತು ಬಿಸಾಕ್ಬೇಡಿ

ನಮ್ಮನೆ ಗೇಟ್ ಮೇಲಿನ ಬಳ್ಳಿ ಗುಲಾಬಿ ಎರಡು ವರ್ಷ ಹೂವೇ ಬಿಟ್ಟಿರ್ಲಿಲ್ಲ, ಕಡ್ಡಿಗಳು ತುದಿಯಿಂದ ಕಪ್ಪಾಗಿ ಒಣಗ್ತಾ ಬರ್ತಿತ್ತು. ಮಳೆ ನಿಂತ್ಮೇಲೆ ಅಕ್ಟೋಬರಲ್ಲಿ ಕಟ್ ಮಾಡಿದೆ, ಬೆಂಗಳೂರು ಕಡೆ ಅದು ಒಳ್ಳೆ ಟೈಮು. ಒಣಗಿದ ಕಡ್ಡಿನ ಕೆಳಗಡೆ ಕತ್ತರಿಸ್ತಾ ಬನ್ನಿ, ಒಳಗಿನ ತಿರುಳಿನ ಕಂದು ಬಣ್ಣ ಹೋಗಿ ಬೆಳ್ಳಗೆ ಕಾಣೋವರೆಗೂ ಬಿಡ್ಬೇಡಿ, ಇಲ್ಲಾಂದ್ರೆ ರೋಗ ಮತ್ತೆ ಇಳಿಯತ್ತೆ, ಕತ್ತರಿನ ಆಗಾಗ ಸ್ಪಿರಿಟಲ್ಲಿ ಒರೆಸ್ಕೊಳ್ಳಿ. ಕತ್ತರಿಸಿದ ಜಾಗಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲೆಸಿದ ಶಿಲೀಂಧ್ರನಾಶಕ) ಹಚ್ಚಿ.

ನಾನು ಮೊದ್ಲು ಮಾಡಿದ್ದ ತಪ್ಪು ಅಂದ್ರೆ ಕುಂಡದ ಗುಲಾಬಿ ಥರ ಇದನ್ನೂ ಮೊಣಕಾಲುದ್ದ ಕತ್ತರಿಸ್ಬಿಟ್ಟಿದ್ದು. ಬಳ್ಳಿ ಗುಲಾಬಿಗೆ ಹಾಗ್ ಮಾಡ್ಬಾರ್ದು, ಗಟ್ಟಿ ಉದ್ದ ಬಳ್ಳಿ ನಾಲ್ಕೈದು ಉಳಿಸ್ಕೊಂಡು ಪಕ್ಕದ ಕವಲುಗಳನ್ನ ಮಾತ್ರ ಎರಡ್ಮೂರು ಕಣ್ಣು (ಚಿಗುರೊಡೆಯೋ ಮೊಗ್ಗು) ಬಿಟ್ಟು ಕತ್ತರಿಸಿ. ಆಮೇಲೆ ಬಳ್ಳಿನ ನೆಟ್ಟಗೆ ಬಿಡದೆ ಗ್ರಿಲ್‌ಗೆ ಅಡ್ಡಡ್ಡ ಬಗ್ಗಿಸಿ ಹಳೇ ಬಟ್ಟೆ ಚೂರಲ್ಲಿ ಸಡಿಲವಾಗಿ ಕಟ್ಟಿ, ಆಗ ಉದ್ದಕ್ಕೂ ಪ್ರತಿ ಕಣ್ಣಲ್ಲೂ ಚಿಗುರು ಬರತ್ತೆ, ಇಲ್ಲಾಂದ್ರೆ ತುದೀಲಿ ಮಾತ್ರ ಹೂವು, ಅದೂ ಪಕ್ಕದ್ಮನೆಯವ್ರಿಗೆ! ಕಸಿ ಗಂಟಿನ (ಬುಡದಲ್ಲಿ ಕಸಿ ಕಟ್ಟಿದ ಜಾಗದ ಉಬ್ಬು) ಕೆಳಗಿಂದ ಬರೋ ಕಾಡು ಚಿಗುರು ಕಂಡ್ರೆ ಬುಡದಿಂದ್ಲೇ ಕಿತ್ತಾಕಿ.

ಗೊಬ್ಬರ ಅವತ್ತೇ ಸುರೀಬೇಡಿ, ಚಿಗುರು ಕಂಡ್ಮೇಲೆ ಕೊಳೆತ ಸಗಣಿ ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಸಾಕು.