ಮದುವೆಗೆ ಬಂದ ನೆಂಟರಿಗೆ ಸಾಗರ ತೋರಿಸಿದ್ದು

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರ. ತಮ್ಮನ ಮದುವೆಯ ದಿನ ಬೆಳಗ್ಗೆ ಎಂಟು ಮಂದಿ ನೆಂಟರು ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಹೊರಟರು. "ಧಾರೆ ಹನ್ನೊಂದೂವರೆಗೆ ಅಲ್ವಾ, ಅಷ್ಟರೊಳಗೆ ಬಂದ್ಬಿಡ್ತೀವಿ" ಅಂದರು. ಗಾಡಿ ಮಾಡಿಕೊಟ್ಟವನು ನಾನೇ. ಆಗ ಶರಾವತಿ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ವಾಪಸ್ ಬರುವಾಗ ಕಳಸವಳ್ಳಿ ದಡದಲ್ಲಿ ಗಾಡಿಗಳ ಉದ್ದ ಸಾಲು. ಅವರು ಛತ್ರ ಮುಟ್ಟುವ ಹೊತ್ತಿಗೆ ಎರಡನೇ ಪಂಕ್ತಿ ಎದ್ದಿತ್ತು. ಅಷ್ಟು ದೂರದಿಂದ ಬಂದ ನಮ್ಮ ದೊಡ್ಡಮ್ಮ ಧಾರೆ ನೋಡಲಾಗಲಿಲ್ಲ ಅಂತ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಇವತ್ತಿಗೂ ನನ್ನ ಕಣ್ಣಮುಂದೆ ಇದೆ.

ಹಾಗಾಗಿ 2025ರ ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆ ಬಂದಾಗ, ನೆಂಟರನ್ನು ತಿರುಗಾಡಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಗಂಡಿನ ಕಡೆಯವರು ಪುಣೆಯಲ್ಲಿ ನೆಲೆಸಿದವರು. ಸುಮಾರು ನಲವತ್ತು ಮಂದಿ, ಎರಡು ದಿನ ಮೊದಲೇ ಬರುವವರಿದ್ದರು. ನಾನು ಮಾಡಿಕೊಂಡ ಕಟ್ಟುಪಾಡು ಒಂದೇ. ಮದುವೆಗೆ ಮೊದಲು ಅರ್ಧ ಗಂಟೆಗಿಂತ ದೂರ ಯಾರೂ ಹೋಗಬಾರದು. ಜೋಗ ಏನಿದ್ದರೂ ಮದುವೆ ಮುಗಿದ ಮಾರನೇ ದಿನ. ಮದುವೆಯ ದಿನ ಎಲ್ಲಿಗೂ ಇಲ್ಲ.

ಸಾಗರದವರಿಗೆ ಇದು ಕಷ್ಟವೇ ಅಲ್ಲ. ಇಕ್ಕೇರಿ, ಕೆಳದಿ ಎರಡೂ ಪೇಟೆಯ ಪಕ್ಕದಲ್ಲೇ ಇವೆ. ನಾವು ದಿನಾ ನೋಡುವ ಊರುಗಳು, ಹೊರಗಿನವರಿಗೆ ಏನು ತೋರಿಸೋದು ಅಂತ ಸುಮ್ಮನಿರುತ್ತೇವೆ, ಅಷ್ಟೇ.

ಮೊದಲ ದಿನ ಬೆಳಗ್ಗೆ ತಿಂಡಿ ಆದ ಕೂಡಲೇ ಇಕ್ಕೇರಿಗೆ ಹೋದೆವು. ಬಿಸಿಲೇರುವ ಮೊದಲೇ ಹೋಗಬೇಕು, ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ವಯಸ್ಸಾದವರು ನಡೆಯಲಾರರು. ಅಘೋರೇಶ್ವರ ದೇವಸ್ಥಾನ ಗ್ರಾನೈಟಿನದ್ದು, ದೊಡ್ಡದು. ಎದುರಿನ ಮಂಟಪದಲ್ಲಿ ನಂದಿ. ಎಲ್ಲರೂ ತಲೆಯೆತ್ತಿ ಗೋಡೆ, ಕಂಬ ನೋಡುತ್ತಾ ಹೋಗುತ್ತಾರೆ. ನಾನು ಅವರನ್ನು ಒಳಗೆ ನಿಲ್ಲಿಸಿ ನೆಲ ತೋರಿಸಿದೆ. ಗರ್ಭಗುಡಿಯ ಮುಂದೆ, ಹಾಸುಗಲ್ಲಿನ ಮೇಲೆಯೇ, ಕೆಳದಿಯ ಮೂವರು ಅರಸರು ದೇವರಿಗೆ ನಮಸ್ಕಾರ ಮಾಡುತ್ತಿರುವ ಹಾಗೆ ಕೆತ್ತಿದ್ದಾರೆ. ಕಟ್ಟಿಸಿದ ಮನೆತನದವರು ಬಂದವರ ಕಾಲ ಬಳಿ ಇದ್ದಾರೆ. ಮದುಮಗನ ಅಜ್ಜ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಬಗ್ಗಿ ಕಲ್ಲು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಬಂದವರೆಲ್ಲ ಬದಿಯಿಂದಲೇ ನಡೆದರು.

ಕೆಳದಿಗೆ ಸಂಜೆ ಹೋದೆವು. ರಾಮೇಶ್ವರ ದೇವಸ್ಥಾನದ ಒಳಛಾವಣಿಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ಮಕ್ಕಳು ಕತ್ತು ನೋಯುವವರೆಗೆ ನೋಡಿದರು. ದೊಡ್ಡವರಿಗೆ ಹಿಡಿಸಿದ್ದು ಚೆನ್ನಮ್ಮನ ಕಥೆ. ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆ ಹೋಗುವಾಗ, ಆಸರೆ ಕೊಟ್ಟು ದಾಟಿಸಿದವಳು ಕೆಳದಿಯ ಈ ರಾಣಿ. ಔರಂಗಜೇಬನ ಸೈನ್ಯ ಬಂದರೂ ಬಗ್ಗಲಿಲ್ಲ. ಪುಣೆಯಲ್ಲಿ ಬೆಳೆದವರಿಗೆ ಶಿವಾಜಿಯ ಮನೆತನದ ಕಥೆ ಹೊಸದಲ್ಲ. ಆದರೆ ಆ ಕಥೆ ನಡೆದ ನೆಲದಲ್ಲಿ ತಮ್ಮ ಸೊಸೆ ಹುಟ್ಟಿದವಳು ಅಂತ ಗೊತ್ತಾದಾಗ ಮಾತಿನ ಧಾಟಿಯೇ ಬದಲಾಯಿತು. ಬೀಗರ ಜೊತೆ ಏನು ಮಾತಾಡೋದು ಅನ್ನುವ ಸಂಕೋಚ ಆ ಸಂಜೆಗೇ ಹೋಯಿತು.

ಎರಡನೇ ದಿನ ಪೇಟೆಯಲ್ಲೇ ಒಬ್ಬ ಗುಡಿಗಾರರ ಮನೆಗೆ ಕರೆದುಕೊಂಡು ಹೋದೆ. ಗುಡಿಗಾರರು ಅಂದರೆ ಎಲ್ಲರಿಗೂ ಶ್ರೀಗಂಧದ ಕೆತ್ತನೆಯೇ ನೆನಪಾಗುತ್ತೆ. ಮದುವೆಯ ಬಾಸಿಂಗ ಮಾಡುವವರೂ ಅವರೇ. ನೀರಿನಲ್ಲಿ ಬೆಳೆಯುವ ಗಿಡದ ಬಿಳಿ ಬೆಂಡನ್ನು ಚೂಪಾದ ಕತ್ತಿಯಿಂದ ಸುರುಳಿ ಬಿಚ್ಚಿದ ಹಾಗೆ ಸೀಳುತ್ತಾ ಹೋಗುತ್ತಾರೆ. ಕಾಗದದಷ್ಟು ತೆಳ್ಳಗಿನ ಹಾಳೆ ಬರುತ್ತೆ. ಅದನ್ನೇ ಕತ್ತರಿಸಿ, ಮಡಚಿ, ಎಸಳಿಗೆ ಎಸಳು ಸೇರಿಸಿ ಮಲ್ಲಿಗೆ ಮೊಗ್ಗು ಮಾಡುತ್ತಾರೆ. ನಮ್ಮ ಹುಡುಗಿಯ ಬಾಸಿಂಗ ಅಲ್ಲೇ ಅರ್ಧ ಆಗಿತ್ತು. ಮದುಮಗನ ತಾಯಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು, "ಇದಕ್ಕೆ ತೂಕವೇ ಇಲ್ವಲ್ಲ" ಅಂದರು. ಮರುದಿನ ಮಂಟಪದಲ್ಲಿ ಬಾಸಿಂಗ ಕಟ್ಟುವಾಗ ಗಂಡಿನ ಕಡೆಯ ಹೆಂಗಸರೆಲ್ಲ ಎದ್ದುನಿಂತು ನೋಡಿದರು. ಅದು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿತ್ತಲ್ಲ. ಗಂಧದ ಸಾಮಾನು ಕೊಳ್ಳುವವರಿಗೆ ಒಂದೇ ಮಾತು ಹೇಳಿದ್ದೆ, ಬಿಲ್ ಇಲ್ಲದೆ ತಗೋಬೇಡಿ.

ಅವತ್ತು ಮಧ್ಯಾಹ್ನ ನಮ್ಮ ತೋಟದ ಮನೆಯಲ್ಲಿ ಅತ್ತಿಗೆ ತೊಡೆದೇವು ಹಾಕಿದರು. ತೊಡೆದೇವು ಅಂದರೆ ನಮ್ಮ ಕಡೆಯ ತೆಳ್ಳಗಿನ ಸಿಹಿ ತಿಂಡಿ. ಒಲೆಯ ಮೇಲೆ ಮಣ್ಣಿನ ಗಡಿಗೆ ಬೋರಲು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅಕ್ಕಿ ಹಿಟ್ಟು, ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಅದ್ದಿ, ಗಡಿಗೆಯ ಬೆನ್ನಿನ ಮೇಲೆ ಒಂದೇ ಸಲ ಸವರಬೇಕು. ಎರಡನೇ ಸಲ ಮುಟ್ಟಿದರೆ ಹರಿಯುತ್ತೆ. ಅಂಚು ಬಿಟ್ಟುಕೊಳ್ಳುವಾಗ ತುಪ್ಪ ಸವರಿ, ಅಲ್ಲೇ ಮಡಚಿ ತೆಗೆಯಬೇಕು. ಮದುಮಗನ ಚಿಕ್ಕಮ್ಮ ಹೊತ್ತು ಹೋದದ್ದು ತಿಳಿಯದೆ ನೋಡುತ್ತಾ ಕೂತರು. "ಅಕ್ಕಾ, ನಾನೊಂದು ಹಾಕಲಾ?" ಅಂದರು. "ಬನ್ನಿ, ಕೂತ್ಕೊಳ್ಳಿ" ಅಂತ ಅತ್ತಿಗೆ ಮಣೆ ಬಿಟ್ಟುಕೊಟ್ಟರು. ಮೊದಲ ಮೂರು ಹರಿದವು. ನಾಲ್ಕನೆಯದು ಇಡಿಯಾಗಿ ಬಂತು. ಅದನ್ನು ಅವರು ತಿನ್ನಲಿಲ್ಲ, ಮದುಮಗನಿಗೆ ಅಂತ ಬಾಳೆಲೆಯಲ್ಲಿ ಸುತ್ತಿಕೊಂಡರು. ಇದಕ್ಕೆ ನಮಗೆ ಆದ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಎಲ್ಲರೂ ಹೋಗುವಾಗ ನೆನೆಸಿಕೊಂಡಿದ್ದು ಇದನ್ನೇ.

ವ್ಯವಸ್ಥೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಟೆಂಪೋ ಟ್ರಾವೆಲರ್, ಎರಡು ಆಟೋ. ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಡೋದು, ಎಷ್ಟಕ್ಕೆ ವಾಪಸ್ ಅಂತ ದಪ್ಪ ಅಕ್ಷರದಲ್ಲಿ ಬರೆದು ಛತ್ರದ ಊಟದ ಮನೆ ಬಾಗಿಲಿಗೆ ಅಂಟಿಸಿದ್ದೆ. ಕೆಳಗೆ ಡ್ರೈವರ್ ನಂಬರ್. ಪ್ರತಿ ಗಾಡಿಯಲ್ಲೂ ನಮ್ಮ ಮನೆಯ ಒಬ್ಬ ಹುಡುಗ ಇರಲೇಬೇಕು. ಡ್ರೈವರಿಗೂ ನೆಂಟರ ಜೊತೆಗೇ ಊಟ.

ಜೋಗದ ವಿಷಯದಲ್ಲಿ ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿದೆ. ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತೆಳ್ಳಗಿರುತ್ತವೆ. ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರನ್ನು ವಿದ್ಯುತ್ತಿಗಾಗಿ ಹಿಡಿದಿಟ್ಟಿರುತ್ತಾರೆ. ಫೋಟೋದಲ್ಲಿ ನೋಡಿದ ಜೋಗ ಮಳೆಗಾಲದ್ದು. ಹಾಗೆ ಹೇಳಿದ್ದರಿಂದ ಯಾರಿಗೂ ಬೇಜಾರಾಗಲಿಲ್ಲ. 253 ಮೀಟರಿನ ಬರಿ ಬಂಡೆಯನ್ನು ನೋಡಿದವರು, ನೀರು ತುಂಬಿದಾಗ ಮತ್ತೆ ಬರ್ತೀವಿ ಅಂದರು. ಆಗಸ್ಟಿನಲ್ಲಿ ಮದುಮಗನ ಅಪ್ಪ, ಅಮ್ಮ ಬಂದೇ ಬಂದರು.

ಅಷ್ಟರಲ್ಲಿ ಸಿಗಂದೂರಿಗೂ ದಾರಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಈಗ ಲಾಂಚಿಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಇನ್ನೊಂದು ಮದುವೆ ಗೊತ್ತಾಗಿದೆ, ತಂಗಿಯ ಮಗನದ್ದು. ದೊಡ್ಡಮ್ಮ ಈಗಲೇ ಫೋನ್ ಮಾಡಿ ಸಿಗಂದೂರು ಕೇಳಿದ್ದಾರೆ. ಖಂಡಿತ ಕರೆದುಕೊಂಡು ಹೋಗ್ತೀನಿ ಅಂದಿದ್ದೇನೆ. ಹಾಳೆಯಲ್ಲಿ ಅವರ ಹೆಸರನ್ನೇ ಮೊದಲು ಬರೆದಿದ್ದೇನೆ. ಮದುವೆಯ ಮಾರನೇ ದಿನ, ಬೆಳಗ್ಗೆ ಏಳಕ್ಕೆ.